ಹಳೆಯ ಅಕ್ಷರ ಓದುವ ಕೆಲಸ

ಮದುವೆ ಮನೆಯಲ್ಲಿ ಸಿಕ್ಕ ಸಂಬಂಧಿಕರು "ಈಗ ಎಂತ ಕೆಲಸ ಮಾಡುವುದು?" ಎಂದು ಕೇಳಿದರೆ ನನಗೆ ಒಂದು ವಾಕ್ಯದಲ್ಲಿ ಹೇಳಲು ಆಗುವುದಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಗಲ್ಫಿಗೆ ಹೋಗಲಿಲ್ಲ, ಉಪ್ಪನ ಅಂಗಡಿಯಲ್ಲೂ ಕೂರಲಿಲ್ಲ, ಮಂಗಳೂರಿನಲ್ಲಿ ಗೇರುಬೀಜದ ಯಂತ್ರ ಮಾಡುವ ಒಂದು ಸಣ್ಣ ಕಂಪೆನಿಯಲ್ಲಿದ್ದಾನೆ ಎನ್ನುವಷ್ಟು ಎಲ್ಲರಿಗೂ ಗೊತ್ತು. ಯಂತ್ರ ರಿಪೇರಿ ಇರಬೇಕು ಎಂದುಕೊಳ್ಳುತ್ತಾರೆ. ಮೊದಲ ನಾಲ್ಕು ವರ್ಷ ಅದೇ ಆಗಿತ್ತು. ಬೇರಿಂಗ್, ಬೆಲ್ಟ್, ಮೋಟಾರು, ಕೈತುಂಬ ಗ್ರೀಸು. ಈಗ ಮಾಡುವುದು ಬೇರೆ. ಯಂತ್ರದ ಕಂಟ್ರೋಲ್ ಪ್ಯಾನೆಲಿಗೆ ಕರೆಂಟು ಕೊಟ್ಟ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಓಡಿ ಮುಗಿಯುವ ಒಂದು ಪ್ರೋಗ್ರಾಮ್ ಇದೆ, ಬೂಟ್‌ಲೋಡರ್ ಎಂದು ಅದರ ಹೆಸರು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಒಂದು ಮೂಲೆ, ಫೈಲ್ ಸಿಸ್ಟಮ್‌ಗಳನ್ನು ಓದುವ ಭಾಗ.

ಇಲ್ಲಿ ಓದುವ ಹೆಚ್ಚಿನವರಿಗೆ ಇದು ಕೇಳಿ ಗೊತ್ತಿಲ್ಲದ ವಿಷಯ ಇರಬಹುದು. ಆದರೆ ಗಡಿಯಲ್ಲಿ ಬದುಕುವ ನಮಗೆ ಚೆನ್ನಾಗಿ ಪರಿಚಯ ಇರುವ ಒಂದು ತೊಂದರೆ ಇದರಲ್ಲಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಉಪ್ಪಳದಲ್ಲಿ ಉಪ್ಪನ ದಿನಸಿ ಅಂಗಡಿಯ ಹಿಂದೆ ಒಂದು ಗೋದಾಮು ಇತ್ತು. ಅಕ್ಕಿ, ಬೆಲ್ಲ, ಒಣಮೆಣಸು, ದನಕ್ಕೆ ಹಾಕುವ ಹಿಂಡಿ. ಯಾವ ಮೂಟೆ ಯಾವ ಸಾಲಿನಲ್ಲಿ ಇದೆ ಎಂದು ಉಪ್ಪ ಬಾಗಿಲ ಹಿಂದೆ ಒಂದು ರಟ್ಟಿನಲ್ಲಿ ಬರೆದು ತೂಗು ಹಾಕುತ್ತಿದ್ದರು. ಮಳೆಗಾಲದಲ್ಲಿ ಒಮ್ಮೆ ಆ ರಟ್ಟು ಒದ್ದೆಯಾಗಿ ಹಾಳಾಯಿತು. ಮೂಟೆಗಳೆಲ್ಲ ಇದ್ದಲ್ಲೇ ಇದ್ದವು, ಆದರೂ ಎರಡು ದಿನ ಒಂದೊಂದರ ಬಾಯಿ ಬಿಚ್ಚಿ ನೋಡಬೇಕಾಯಿತು. ಕಂಪ್ಯೂಟರಿನ ಡಿಸ್ಕು, ಮೊಬೈಲಿನ ಕಾರ್ಡು, ಪೆನ್‌ಡ್ರೈವ್ ಎಲ್ಲವೂ ಇಂಥ ಗೋದಾಮುಗಳೇ. ಒಳಗೆ ಇರುವುದು ಸಾಲು ಸಾಲು ಖಾನೆಗಳು. ಯಾವ ಫೈಲು ಯಾವ ಖಾನೆಯಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪಟ್ಟಿಯನ್ನು ಬರೆದಿಡುವ ಕ್ರಮಕ್ಕೆ ಫೈಲ್ ಸಿಸ್ಟಮ್ ಎನ್ನುತ್ತಾರೆ.

ಈ ಕ್ರಮ ಒಂದೇ ಆಗಿದ್ದರೆ ನನಗೆ ಕೆಲಸ ಇರುತ್ತಿರಲಿಲ್ಲ. 1977ರಲ್ಲಿ ಹುಟ್ಟಿದ ಫ್ಯಾಟ್ ಇನ್ನೂ ಬದುಕಿದೆ, ನಿಮ್ಮ ಪೆನ್‌ಡ್ರೈವಿನಲ್ಲಿ ಬಹುಶಃ ಅದೇ ಅಥವಾ ಅದರ ಸಂತಾನ ಇದೆ. ಲಿನಕ್ಸ್ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು 2008ರಲ್ಲಿ ಪಕ್ಕಾ ಆದ ಎಕ್ಸ್‌ಟಿ4. ವೈಫೈ ರೌಟರ್‌ಗಳಲ್ಲಿ ಒತ್ತಿ ಸಣ್ಣದು ಮಾಡಿದ ಸ್ಕ್ವಾಷ್‌ಎಫ್‌ಎಸ್ ಇರುತ್ತದೆ. ಬೋರ್ಡಿಗೇ ಬೆಸುಗೆ ಹಾಕಿದ ಫ್ಲ್ಯಾಷ್ ಚಿಪ್‌ಗಳಿಗೆ ಜೆಎಫ್‌ಎಫ್‌ಎಸ್2, ಯುಬಿಐಎಫ್‌ಎಸ್ ಎಂಬವು ಬೇರೆ. ಪ್ರತಿಯೊಂದಕ್ಕೂ ತನ್ನದೇ ಬರವಣಿಗೆ.

ಕಂಪ್ಯೂಟರ್ ಪೂರ್ತಿ ಎದ್ದ ಮೇಲೆ ಇವನ್ನೆಲ್ಲ ಓದುವುದು ಲಿನಕ್ಸ್ ಕರ್ನಲ್‌ನ ಕೆಲಸ. ಅದು ಚೆನ್ನಾಗಿಯೇ ಓದುತ್ತದೆ. ಆದರೆ ಕರೆಂಟು ಬಂದ ಆ ಮೊದಲ ಕ್ಷಣದಲ್ಲಿ ಕರ್ನಲ್ ಎಂಬುದು ಅದೇ ಕಾರ್ಡಿನಲ್ಲಿ ಮಲಗಿರುವ ಒಂದು ಫೈಲು ಅಷ್ಟೆ. ಗೋದಾಮಿನ ಕೀಲಿಕೈಯನ್ನು ಗೋದಾಮಿನ ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ಅದನ್ನು ಹುಡುಕಿ ಮೆಮೊರಿಗೆ ತರುವಷ್ಟು ಓದು ಬಲ್ಲವರು ಒಬ್ಬರು ಹೊರಗೆ ಬೇಕು. ಅದೇ ಬೂಟ್‌ಲೋಡರ್. ಹಾಗಾಗಿ ಕರ್ನಲ್‌ನಲ್ಲಿ ಒಮ್ಮೆ ಬರೆದಿರುವ ಓದುವ ವಿದ್ಯೆಯನ್ನು ಬೂಟ್‌ಲೋಡರ್‌ನಲ್ಲಿ ಇನ್ನೊಮ್ಮೆ, ಚಿಕ್ಕದಾಗಿ ಬರೆದಿರುತ್ತಾರೆ.

ಎಷ್ಟು ಚಿಕ್ಕದಾಗಿ ಎಂದರೆ, ನಮ್ಮ ಪ್ಯಾನೆಲಿನಲ್ಲಿರುವುದು ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್‌ನವರ ಎಎಂ335ಎಕ್ಸ್ ಜಾತಿಯ ಚಿಪ್. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡಿನಲ್ಲಿ ಇರುವುದೂ ಅದೇ. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಅಚ್ಚು ಹಾಕಿದ ಒಂದು ಪುಟ್ಟ ಪ್ರೋಗ್ರಾಮ್ ಇದೆ. ಅದು ಕಾರ್ಡಿನ ಫ್ಯಾಟ್ ವಿಭಾಗದಲ್ಲಿ ಎಂಎಲ್ಒ ಎಂಬ ಹೆಸರಿನ ಫೈಲನ್ನು ಹುಡುಕುತ್ತದೆ. ಆ ಫೈಲು 109 ಕೆಬಿ ಮೀರಬಾರದು. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೊಗೂ ಅದಕ್ಕಿಂತ ಎಷ್ಟೋ ಪಟ್ಟು ಜಾಗ ಬೇಕು. ಆ ಪುಟ್ಟ ಫೈಲು ಮುಂದಿನ ದೊಡ್ಡದನ್ನು ಕರೆಯುತ್ತದೆ, ಅದು ಕರ್ನಲನ್ನು ಕರೆಯುತ್ತದೆ. ಚಿಪ್ಪಿನಲ್ಲಿ ಅಚ್ಚಾದದ್ದನ್ನು ಯಾರೂ ಬದಲಿಸಲಾರರು. ಆದ್ದರಿಂದ ಎಷ್ಟು ಹಳೆಯದಾದರೂ ಫ್ಯಾಟ್ ಸಾಯುವಂತಿಲ್ಲ. ಈಗಿನ ಲ್ಯಾಪ್‌ಟಾಪ್‌ಗಳ ಯುಇಎಫ್‌ಐ ನಿಯಮವೂ ಮೊದಲು ಓದುವ ವಿಭಾಗ ಫ್ಯಾಟ್ ಆಗಿರಬೇಕು ಎಂದೇ ಹೇಳುತ್ತದೆ.

ನಾವು ಬಳಸುವುದು ಯು-ಬೂಟ್. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಅವರು ಬೆಳೆಸಿದ್ದು, 2002ರಲ್ಲಿ ಈ ಹೆಸರು ಬಂತು. ಮೂಲ ಬರವಣಿಗೆ ಎಲ್ಲರಿಗೂ ತೆರೆದೇ ಇದೆ, ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ಅದರಲ್ಲಿ ಎಕ್ಸ್‌ಟಿ4 ಭಾಗದ ಫೈಲನ್ನು ತೆರೆದರೆ 2011-12ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರ್‌ಗಳು ಬರೆದದ್ದು ಎಂದು ಮೇಲೆಯೇ ಕಾಣುತ್ತದೆ. ಆ ಹೆಸರುಗಳಲ್ಲಿ ಒಂದು ನಮ್ಮ ಕಡೆಯ ಶಾಲೆಯ ಹಾಜರಿ ಪುಸ್ತಕದಲ್ಲಿ ಇರಬಹುದಾದ ಹೆಸರು. ಮೊದಲ ಸಲ ನೋಡಿದಾಗ ನನಗೆ ಸ್ವಲ್ಪ ಧೈರ್ಯ ಬಂದದ್ದು ನಿಜ.

ಒಮ್ಮೆ ಬರೆದು ಮುಗಿದ ಮೇಲೆ ಇದರಲ್ಲಿ ನೋಡಿಕೊಳ್ಳುವುದು ಎಂತ ಇದೆ ಎಂದು ನೀವು ಕೇಳಬಹುದು. ನಮ್ಮ ಮ್ಯಾನೇಜರೂ ಕೇಳಿದ್ದರು. ಬೇರಿಂಗ್ ಸವೆಯುತ್ತದೆ, ಬೆಲ್ಟ್ ಹರಿಯುತ್ತದೆ. ಪ್ರೋಗ್ರಾಮ್ ಸವೆಯುವುದಿಲ್ಲವಲ್ಲ? ಪ್ರೋಗ್ರಾಮ್ ಇದ್ದ ಹಾಗೇ ಇರುತ್ತದೆ, ಸುತ್ತಲಿನ ಬರವಣಿಗೆ ಮುಂದೆ ಹೋಗುತ್ತದೆ.

ಎಕ್ಸ್‌ಟಿ4 ಡಿಸ್ಕನ್ನು ಸಿದ್ಧಮಾಡುವ ಸಲಕರಣೆಗೆ ಇ2ಎಫ್‌ಎಸ್‌ಪ್ರಾಗ್ಸ್ ಎಂದು ಹೆಸರು. 2016ರಲ್ಲಿ ಬಂದ ಅದರ 1.43ನೇ ಆವೃತ್ತಿ, ಪಟ್ಟಿಯ ಪ್ರತಿ ಭಾಗಕ್ಕೂ ತಾಳೆ ನೋಡುವ ಮೊತ್ತವನ್ನು ಸೇರಿಸಿ ಬರೆಯುವುದನ್ನು ರೂಢಿ ಮಾಡಿತು. ಒಳ್ಳೆಯದೇ, ಖಾತೆ ಪುಸ್ತಕದ ಪುಟದ ಕೆಳಗೆ ಉಪ್ಪ ಹಾಕುತ್ತಿದ್ದ ಮೊತ್ತದ ಹಾಗೆ. ಆದರೆ ನಾವು ಬಳಸುತ್ತಿದ್ದ ಯು-ಬೂಟ್ ಅಂಥ ಕಾರ್ಡನ್ನು ಓದುತ್ತಿತ್ತು, ಅದಕ್ಕೆ ಬರೆಯಲು ಮಾತ್ರ ಒಪ್ಪುತ್ತಿರಲಿಲ್ಲ. ಮೊತ್ತ ಕೂಡಿಸಲು ಅದಕ್ಕೆ ಗೊತ್ತಿರಲಿಲ್ಲ. 2023ರಲ್ಲಿ 1.47.0 ಬಂದಾಗ ಇನ್ನೊಂದು ಹೊಸ ಗುರುತು ಸೇರಿತು. ಆಗ ಕಂಪ್ಯೂಟರ್‌ಗಳಲ್ಲಿ ಬಳಕೆಯಲ್ಲಿದ್ದ ಗ್ರಬ್ ಎಂಬ ಬೂಟ್‌ಲೋಡರ್‌ನ 2.06ನೇ ಆವೃತ್ತಿ ಅಂಥ ಡಿಸ್ಕನ್ನು ನೋಡಿ ಇದು ಯಾವ ಫೈಲ್ ಸಿಸ್ಟಮ್ ಎಂದೇ ಗೊತ್ತಿಲ್ಲ ಎಂದಿತು. ಡಿಸ್ಕಿನಲ್ಲಿ ಒಂದು ಅಕ್ಷರವೂ ಹಾಳಾಗಿರಲಿಲ್ಲ. ಡೆಬಿಯನ್‌ನವರು ತಮ್ಮಲ್ಲಿ ಆ ಗುರುತನ್ನು ರೂಢಿಯಿಂದ ತೆಗೆದರು, ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಗ್ರಬ್ 2.12 ಅದನ್ನು ಓದಲು ಕಲಿತುಕೊಂಡಿತ್ತು.

ಈ ಸುದ್ದಿ ಓದುವಾಗ ನನಗೆ ನಮ್ಮ ಮನೆಯ ಒಂದು ಕಾಗದ ನೆನಪಾಯಿತು. ಉಪ್ಪನ ಉಪ್ಪ ಜಾಗ ತೆಗೆದುಕೊಂಡ ಕ್ರಯಪತ್ರ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರುವುದಕ್ಕೂ ಮೊದಲಿನದು, ಆಗ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ಪತ್ರ ಕನ್ನಡದಲ್ಲಿದೆ, ಮುದ್ರೆ ಇದೆ, ಗಡಿ ಕಲ್ಲುಗಳ ವಿವರ ಇದೆ, ಗೆದ್ದಲು ಮುಟ್ಟಿಲ್ಲ. ಅದನ್ನು ಹಿಡಿದುಕೊಂಡು ಉಪ್ಪ ಒಂದು ಕಚೇರಿಗೆ ಹೋದರೆ ಅಲ್ಲಿದ್ದ ಹುಡುಗ ತೆಂಕಣ ಜಿಲ್ಲೆಯಿಂದ ಬಂದವನು. ಎರಡೂ ಬದಿ ತಿರುಗಿಸಿ ನೋಡಿ, ಇದನ್ನು ಓದಲು ನನಗೆ ಬರುವುದಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿ ವಾಪಸು ಕೊಟ್ಟ. ಕೊನೆಗೆ ಪರಿಚಯದ ಒಬ್ಬ ನಿವೃತ್ತ ಗುಮಾಸ್ತರು ಬಂದು ಓದಿ ಹೇಳಿದರು. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಮನೆಗೆ ಬಂದು ಉಪ್ಪ ಹೇಳಿದ್ದು ಒಂದೇ ಮಾತು, "ಅವರ ನಂತರ ಯಾರು?"

ಎಕ್ಸ್‌ಟಿ4 ಮಾಡಿದವರು ಈ ತೊಂದರೆಯನ್ನು ಮೊದಲೇ ಯೋಚಿಸಿದ್ದಾರೆ. ಡಿಸ್ಕಿನ ಮೊದಲ ಪುಟದಲ್ಲಿ ಹೊಸ ಗುರುತುಗಳನ್ನು ಮೂರು ಗುಂಪಾಗಿ ಬರೆದಿರುತ್ತಾರೆ. ಮೊದಲ ಗುಂಪಿನದು ನಿನಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಕೆಲಸ ಮುಂದುವರಿಸು. ಎರಡನೆಯದು ಗೊತ್ತಿಲ್ಲದಿದ್ದರೆ ಓದಬಹುದು, ಬರೆಯಬೇಡ. ಮೂರನೆಯದು ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡ. 2016ರ ತಾಳೆ ಮೊತ್ತ ಎರಡನೆಯ ಗುಂಪಿನದು, 2023ರ ಗುರುತು ಮೂರನೆಯದರದ್ದು. ತನಗೆ ಬಾರದ್ದನ್ನು ಬಾರದು ಎಂದು ಹೇಳಿ ಕೈಕಟ್ಟಿ ನಿಲ್ಲುವುದು ಓದುವವನ ಮೊದಲ ಧರ್ಮ. ಅರೆಬರೆ ಓದಿ ತಿದ್ದಲು ಹೋದರೆ ಗೋದಾಮಿನ ಪಟ್ಟಿಯೇ ಹಾಳು. ಆ ಕಚೇರಿಯ ಹುಡುಗನ ಮೇಲೆ ನನಗೆ ಕೋಪ ಇಲ್ಲದ್ದು ಇದೇ ಕಾರಣಕ್ಕೆ. ಓದಬಲ್ಲ ಒಬ್ಬರನ್ನಾದರೂ ಅಲ್ಲಿ ಕೂರಿಸಬೇಕಿತ್ತು ಎಂಬುದು ಬೇರೆ ಮಾತು.

ಎಲ್ಲ ಬರವಣಿಗೆಗಳ ಓದುಗರನ್ನೂ ಬೂಟ್‌ಲೋಡರ್‌ನಲ್ಲಿ ತುಂಬಿಸಿ ಇಟ್ಟರೆ ಆಯಿತಲ್ಲ ಎನ್ನಿಸಬಹುದು. ಹಾಗೆ ಇಟ್ಟರೆ ಇನ್ನೊಂದು ಅಪಾಯ. ಬೂಟ್‌ಲೋಡರ್ ಓಡುವಾಗ ಅದನ್ನು ಕಾಯುವವರು ಯಾರೂ ಎದ್ದಿರುವುದಿಲ್ಲ. ಕರ್ನಲ್‌ಗೆ ಸಹಿ ಹಾಕಿ, ಆ ಸಹಿಯನ್ನು ತಾಳೆ ನೋಡಿ ಓಡಿಸುವ ವ್ಯವಸ್ಥೆ ಇದೆ, ಸರಿ. ಆದರೆ ಸಹಿ ನೋಡಬೇಕಾದರೆ ಫೈಲು ಸಿಗಬೇಕು, ಫೈಲು ಸಿಗಬೇಕಾದರೆ ಪಟ್ಟಿ ಓದಬೇಕು. ಆ ಪಟ್ಟಿಯನ್ನು ಬರೆದವರು ಯಾರು ಎಂದು ಅಷ್ಟರಲ್ಲಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಯಾರೋ ಬೇಕೆಂದೇ ಕೆಟ್ಟ ಪಟ್ಟಿ ಬರೆದ ಕಾರ್ಡನ್ನು ಸಿಕ್ಕಿಸಿದರೆ?

2025ರ ಫೆಬ್ರವರಿಯಲ್ಲಿ ಹೊರಬಂದ ಒಂದು ದೋಷ ಹೇಳುತ್ತೇನೆ, ಲೆಕ್ಕ ಬಲ್ಲ ಅಂಗಡಿಯವರಿಗೆ ಬೇಗ ಅರ್ಥವಾಗುತ್ತದೆ. ಯು-ಬೂಟ್‌ನ ಎಕ್ಸ್‌ಟಿ4 ಭಾಗದಲ್ಲಿ, ಒಂದು ಫೈಲಿನಿಂದ ಇನ್ನೊಂದು ಫೈಲಿಗೆ ದಾರಿ ತೋರಿಸುವ ಚೀಟಿಯನ್ನು ಓದುವ ಜಾಗ ಇದೆ. ಚೀಟಿ ಎಷ್ಟು ಉದ್ದ ಎಂದು ಡಿಸ್ಕಿನಲ್ಲೇ ಬರೆದಿರುತ್ತದೆ. ಆ ಉದ್ದಕ್ಕೆ ಒಂದನ್ನು ಕೂಡಿಸಿ ಅಷ್ಟು ಜಾಗ ಕೇಳುವುದು ಕ್ರಮ. ಆ ಸಂಖ್ಯೆ 32 ಬಿಟ್‌ನದು, ಅದರ ಗರಿಷ್ಠ 4,294,967,295. ಯಾರಾದರೂ ಡಿಸ್ಕಿನಲ್ಲಿ ಅದನ್ನೇ ಬರೆದಿಟ್ಟರೆ, ಒಂದು ಕೂಡಿಸಿದ ಕೂಡಲೇ ಸ್ಕೂಟರಿನ ಕಿಲೋಮೀಟರ್ ಮೀಟರು 99999 ಆದ ಮೇಲೆ ತಿರುಗಿದ ಹಾಗೆ ಸೊನ್ನೆಯಾಗುತ್ತದೆ. ಸೊನ್ನೆ ಜಾಗ ಕೇಳಿ, ತುಂಬ ದೊಡ್ಡ ಚೀಟಿಯನ್ನು ಅಲ್ಲಿ ಇಳಿಸಿದರೆ ಅದು ಪಕ್ಕದಲ್ಲಿ ಇದ್ದದ್ದರ ಮೇಲೆಲ್ಲ ಬೀಳುತ್ತದೆ. ಹಾಗೆ ಬೀಳಿಸಿ ಯಂತ್ರವನ್ನು ತನ್ನ ಕೈಗೆ ತೆಗೆದುಕೊಳ್ಳುವ ದಾರಿ ಬಲ್ಲವರಿಗೆ ಗೊತ್ತು. 2025.01ರ ಆವೃತ್ತಿಯ ಹೊತ್ತಿಗೆ ಇದನ್ನು ಸರಿಪಡಿಸಿದ್ದರು. ಅದೇ ಫೆಬ್ರವರಿಯಲ್ಲಿ ಗ್ರಬ್‌ನಲ್ಲೂ ಒಂದಿಷ್ಟು ದೋಷಗಳು ಹೊರಬಂದವು. ಅವುಗಳಲ್ಲಿ ಹಲವು ಯುಎಫ್‌ಎಸ್, ಎಚ್‌ಎಫ್‌ಎಸ್, ಜೆಎಫ್‌ಎಸ್, ರೈಸರ್‌ಎಫ್‌ಎಸ್‌ನಂಥ, ಈಗ ಹೆಚ್ಚಿನವರು ಬಳಸದ ಫೈಲ್ ಸಿಸ್ಟಮ್‌ಗಳನ್ನು ಓದುವ ಭಾಗಗಳಲ್ಲಿದ್ದವು.

ಯಾರೂ ತೆರೆಯದ ಹಿಂದಿನ ಬಾಗಿಲಿನ ಬೀಗ ತುಕ್ಕು ಹಿಡಿದಿರುತ್ತದೆ, ಕಳ್ಳ ಅಲ್ಲಿಂದಲೇ ಬರುತ್ತಾನೆ. ಹಾಗಾಗಿ ನೋಡಿಕೊಳ್ಳುವುದು ಎಂದರೆ ಹೊಸ ಬರವಣಿಗೆಯನ್ನು ಕಲಿಸುವುದು ಒಂದು, ಬೇಡವಾದ ಹಳೆಯ ಓದನ್ನು ತೆಗೆದುಹಾಕುವುದು ಇನ್ನೊಂದು. ಎರಡನೆಯದೇ ಕಷ್ಟ, ಯಾಕೆಂದರೆ ಯಾರಿಗೆ ಬೇಡವಾದದ್ದು ಎಂಬ ಪ್ರಶ್ನೆ ಬರುತ್ತದೆ.

ನಮ್ಮಲ್ಲಿಯೂ ಬಂತು. ಕಂಪೆನಿಯ ಹಳೆಯ ತಲೆಮಾರಿನ ಪ್ಯಾನೆಲ್‌ಗಳಲ್ಲಿ ಕರ್ನಲ್ ಇರುವುದು ಜೆಎಫ್‌ಎಫ್‌ಎಸ್2ನಲ್ಲಿ. ಹೊಸವು ಬೇರೆ. ಹಳೆಯವುಗಳಲ್ಲಿ ಇನ್ನೂ ಓಡುತ್ತಿರುವುದು ಕೆಲವೇ ಕೆಲವು. ಲೇಬಲ್ ಹಾಕುವ ಹಳೆಯ ಪ್ರಿಂಟರು ಮಾರುಕಟ್ಟೆಯಲ್ಲಿ ಸಿಗದೆ ಹೋದಾಗ, ಹೊಸ ಪ್ರಿಂಟರಿಗಾಗಿ ಎಲ್ಲ ಯಂತ್ರಗಳಿಗೂ ಹೊಸ ಬೂಟ್‌ಲೋಡರ್, ಹೊಸ ಕರ್ನಲ್ ಇರುವ ಪೆನ್‌ಡ್ರೈವ್ ಕಳುಹಿಸುವುದು ಎಂದಾಯಿತು. ಜೆಎಫ್‌ಎಫ್‌ಎಸ್2 ಓದುವ ಭಾಗವನ್ನು ಈ ಸಲವೇ ತೆಗೆದುಬಿಡಿ ಎಂದು ಮ್ಯಾನೇಜರ್ ಹೇಳಿದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಅದನ್ನು ಪರೀಕ್ಷೆ ಮಾಡುವವನು ನಾನೊಬ್ಬನೇ, ನನಗೂ ಬೇರೆ ಕೆಲಸ ಇದೆ.

ಆದರೆ ಆ ಕೆಲವೇ ಯಂತ್ರಗಳು ಎಲ್ಲಿವೆ ಎಂದು ನನಗೆ ಗೊತ್ತಿತ್ತು. ಹಿಂದೆ ಬೇರಿಂಗ್ ಹಾಕಲು ಹೋದವನು ನಾನೇ ಅಲ್ಲವೇ? ಒಂದು ಕೊಲ್ಲಂ ಕಡೆಯ ಸಣ್ಣ ಕಾರ್ಖಾನೆ. ಕೆಲಸ ಮಾಡುವವರು ಹೆಚ್ಚಿನವರು ಹೆಂಗಸರು, ದಿನಗೂಲಿ. ಪ್ಯಾನೆಲ್ ಕಪ್ಪಾಗಿ ನಿಂತರೆ ಅವರು ಬಂದ ಬಸ್ಸಿನಲ್ಲೇ ವಾಪಸು ಹೋಗಬೇಕು, ಆ ದಿನದ ಸಂಬಳ ಇಲ್ಲ. ಬೂಟ್‌ಲೋಡರ್ ಎಂದರೇನು ಎಂದು ಅವರಲ್ಲಿ ಯಾರಿಗೂ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದೆ ಇರುವ ಹಾಗೆ ನೋಡಿಕೊಳ್ಳುವುದೇ ನನ್ನ ಸಂಬಳದ ಕೆಲಸ.

ನಾನು ಮ್ಯಾನೇಜರಿಗೆ ಲಿನಕ್ಸ್ ಕರ್ನಲ್‌ನವರು ರೈಸರ್‌ಎಫ್‌ಎಸ್ ತೆಗೆದ ಬಗೆಯನ್ನು ತೋರಿಸಿದೆ. 2022ರಲ್ಲೇ ಇದನ್ನು ತೆಗೆಯುತ್ತೇವೆ, 2025ರ ಹೊತ್ತಿಗೆ ಇರುವುದಿಲ್ಲ, ಬಳಸುವವರು ಬೇರೆ ಕಡೆಗೆ ಸಾಗಿಸಿಕೊಳ್ಳಿ ಎಂದು ಹೇಳಿದರು. ಕೊನೆಗೆ 2025ರ ಜನವರಿಯಲ್ಲಿ ಬಂದ 6.13ರಲ್ಲಿ ಅದು ಇರಲಿಲ್ಲ. ಹತ್ತಿರ ಹತ್ತಿರ ಮೂರು ವರ್ಷದ ಸಮಯ ಕೊಟ್ಟಿದ್ದರು. ನಮಗೆ ಮೂರು ವರ್ಷ ಬೇಡ, ಒಂದು ಸೀಸನ್ ಸಾಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನೀನೇ ಹೋಗಿ ಮಾಡಿಕೊಟ್ಟು ಬಾ" ಎಂದರು.

ಹಾಗೆ ಎರಡು ಪೆನ್‌ಡ್ರೈವ್ ಆಯಿತು. ಮೊದಲನೆಯದರ ಬೂಟ್‌ಲೋಡರ್ ಹಳೆಯದನ್ನೂ ಹೊಸದನ್ನೂ ಓದಬಲ್ಲದು. ಅದು ಹಳೆಯ ಜಾಗದಿಂದಲೇ ಯಂತ್ರವನ್ನು ಎಬ್ಬಿಸುತ್ತದೆ. ಎದ್ದ ಮೇಲೆ ಫ್ಲ್ಯಾಷ್‌ನ ಖಾಲಿ ಭಾಗದಲ್ಲಿ ಯುಬಿಐಎಫ್‌ಎಸ್ ಮಾಡಿ, ಕರ್ನಲನ್ನೂ ಡಬ್ಲ್ಯು-240, ಡಬ್ಲ್ಯು-320 ಎಂದು ಬೀಜದ ದರ್ಜೆಗೆ ತಕ್ಕಂತೆ ಇಟ್ಟ ಸೆಟ್ಟಿಂಗ್‌ಗಳನ್ನೂ ಅಲ್ಲಿಗೆ ನಕಲು ಮಾಡುತ್ತದೆ. ಹಳೆಯ ಜಾಗವನ್ನು ಅಳಿಸುವುದಿಲ್ಲ. ಮರುದಿನ ಹೊಸ ಜಾಗದಿಂದ ಏಳುತ್ತದೆ, ಏಳದಿದ್ದರೆ ಹಳೆಯದಕ್ಕೆ ಹೋಗುತ್ತದೆ. ಒಂದು ಸೀಸನ್ ಕಳೆದ ಮೇಲೆ ಎರಡನೆಯ ಪೆನ್‌ಡ್ರೈವ್. ಅದರಲ್ಲಿ ಜೆಎಫ್‌ಎಫ್‌ಎಸ್2 ಇಲ್ಲ.

ಕೊಲ್ಲಂಗೆ ರಾತ್ರಿ ರೈಲಿನಲ್ಲಿ ಹೋದೆ. ಕಾರ್ಖಾನೆಯ ಯಜಮಾನರು ಪೆನ್‌ಡ್ರೈವ್ ನೋಡಿ, "ಓಡುತ್ತಿದೆಯಲ್ಲ ಮೋನೇ, ಯಾಕೆ ಮುಟ್ಟುವುದು?" ಎಂದರು. ನಾನು ಮಲಯಾಳದಲ್ಲಿ ಇಷ್ಟೇ ಹೇಳಿದೆ: ಇದನ್ನು ಓದಲು ಬರುವವನು ನಾನಿರುವಾಗಲೇ ಹೊಸ ಪುಸ್ತಕಕ್ಕೆ ಬರೆದುಕೊಳ್ಳೋಣ. ಅವರೂ ವ್ಯಾಪಾರಿ, ಹಳೆಯ ಖಾತೆಯಿಂದ ಹೊಸ ಖಾತೆಗೆ ಬಾಕಿ ಎತ್ತಿ ಬರೆದು ಗೊತ್ತಿದ್ದವರು. ಒಪ್ಪಿದರು. ಮಧ್ಯಾಹ್ನದ ಊಟಕ್ಕೆ ಯಂತ್ರ ನಿಲ್ಲಿಸುವ ಹೊತ್ತಿನಲ್ಲಿ ಕೆಲಸ ಮುಗಿಯಿತು, ಯಾರ ಕೂಲಿಯೂ ತಪ್ಪಲಿಲ್ಲ.

ನನ್ನ ಮೇಜಿನ ಮೇಲೆ ಉಪ್ಪನ ಅಂಗಡಿಯಿಂದ ತಂದ ಒಂದು ಬಿಸ್ಕತ್ತಿನ ತಗಡು ಡಬ್ಬಿ ಇದೆ. ಅದರಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಸಲಕರಣೆಗಳಿಂದ ಸಿದ್ಧಮಾಡಿದ ಮೆಮೊರಿ ಕಾರ್ಡುಗಳು, ಮಧ್ಯದಲ್ಲಿ ಕರೆಂಟು ಹೋಗಿ ಪಟ್ಟಿ ಅರ್ಧಕ್ಕೆ ನಿಂತ ಕೆಲವು ಕಾರ್ಡುಗಳೂ ಇವೆ. ಯು-ಬೂಟ್‌ನ ಹೊಸ ಆವೃತ್ತಿ ಬಂದಾಗ ಮೊದಲು ಕಂಪ್ಯೂಟರಿನಲ್ಲೇ ಅದರ ಸ್ಯಾಂಡ್‌ಬಾಕ್ಸ್ ರೂಪವನ್ನು ಓಡಿಸಿ, ಅದರ ಜೊತೆಗೇ ಬರುವ ಪರೀಕ್ಷೆಗಳನ್ನು ಮಾಡುತ್ತೇನೆ. ಆಮೇಲೆ ಈ ಕಾರ್ಡುಗಳನ್ನು ಒಂದೊಂದಾಗಿ ಬೋರ್ಡಿಗೆ ಸಿಕ್ಕಿಸುತ್ತೇನೆ. ಓದಬೇಕಾದ್ದನ್ನು ಓದಿತೇ? ಓದಬಾರದ್ದನ್ನು ಬಿಟ್ಟಿತೇ? ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ. ನನ್ನ ಜಾಗಕ್ಕೆ ಮುಂದೆ ಬರುವವರಿಗೆ ಡಬ್ಬಿ, ಪುಸ್ತಕ ಎರಡೂ ಸಿಗಬೇಕು.

ಮನೆಯಲ್ಲಿಯೂ ಒಂದು ಕೆಲಸ ಶುರುವಾಗಿದೆ. ಉಮ್ಮನ ಉಮ್ಮ ಓದುತ್ತಿದ್ದ ಅರಬಿ-ಮಲಯಾಳದ ಎರಡು ಪುಸ್ತಕಗಳು ಪೆಟ್ಟಿಗೆಯಲ್ಲಿದ್ದವು. ನಮ್ಮಲ್ಲಿ ಅದನ್ನು ಸರಾಗವಾಗಿ ಓದಬಲ್ಲವರು ಈಗ ಉಮ್ಮ ಒಬ್ಬರೇ. ಸಂಜೆ ಅವರು ನಿಧಾನ ಓದುತ್ತಾರೆ, ತಂಗಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಾಳೆ, ಅರ್ಥವಾಗದ ಮಾತಿಗೆ ಬ್ಯಾರಿಯಲ್ಲಿ ಅರ್ಥ ಕೇಳಿ ಪಕ್ಕದಲ್ಲಿ ಹಾಕುತ್ತಾಳೆ. ಒಂದು ಪುಸ್ತಕದ ಅರ್ಧ ಆಗಿದೆ. ಕ್ರಯಪತ್ರದ ಮಲಯಾಳ ಅನುವಾದವನ್ನೂ ಮಾಡಿಸಿ ಮೂಲದ ಜೊತೆಗೇ ಇಟ್ಟಿದ್ದೇವೆ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥ ಕಾಗದ ಇರಬಹುದು, ಕಪಾಟಿನಲ್ಲಿ ಮದುವೆಯ ಫೋಟೊ ಇರುವ ಹಳೆಯ ಕಾರ್ಡು, ಸಿಡಿ ಇರಬಹುದು. ಹಾಳಾಗಿಲ್ಲವಲ್ಲ ಎಂದು ನೆಮ್ಮದಿಯಿಂದ ಇರಬೇಡಿ. ಓದುವ ಯಂತ್ರ, ಓದುವ ಮನುಷ್ಯ ಇನ್ನೂ ಇದ್ದಾರೆಯೇ ಎಂದು ಒಮ್ಮೆ ನೋಡಿ. ಇದ್ದರೆ ಈ ರಜೆಯಲ್ಲೇ ಹೊಸದಕ್ಕೆ ಎತ್ತಿ ಬರೆದುಕೊಳ್ಳಿ, ಹಳೆಯದನ್ನು ಕೂಡಲೇ ಎಸೆಯಬೇಡಿ.